ಯಾರ ಹೆಸರೂ ಇಲ್ಲದ ನೆಲವು ಯಾರದು?

ನೆರೆಯವನ ಹೊಲದ ಬದುವನ್ನು ಒಂದು ಮೊಳದಷ್ಟು ಒತ್ತಿಕೊಳ್ಳುವದು ಅನ್ಯಾಯವೆಂದು ಚಿಕ್ಕ ಮಕ್ಕಳೂ ಬಲ್ಲರು. ಆದರೆ ಊರ ಹೊರಗಿನ ಗಾಯರಾಣವನ್ನು ಯಾರಾದರೂ ತೆಗೆದುಕೊಂಡರೆ, ಅದು ಯಾರ ಸ್ವತ್ತೂ ಅಲ್ಲವಲ್ಲಾ ಎಂದು ದೊಡ್ಡವರು ಸಹ ಸುಮ್ಮನಿರುವದುಂಟು. ಕಾಗದದಲ್ಲಿ ಯಾರ ಹೆಸರೂ ಇಲ್ಲದ ನೆಲಕ್ಕೆ ಒಡೆಯರೇ ಇಲ್ಲವೋ? ಸರಕಾರವು ಅದನ್ನು ಬೇಕಾದವರಿಗೆ ಕೊಟ್ಟರೆ ಊರವರು ತಡೆಯುವದು ಧರ್ಮವೋ ಅಧರ್ಮವೋ? ನಮ್ಮ ಸೀಮೆಯಲ್ಲಿಯೇ ನಡೆದ ಒಂದು ಸಂಗತಿಯಿಂದ ಇದನ್ನು ವಿಚಾರಿಸೋಣ.

1984ನೆಯ ನವೆಂಬರ 14ರಂದು ಕರ್ನಾಟಕ ಸರಕಾರವು ಹರಿಹರ ಪಾಲಿಫೈಬರ್ಸ್ ಕಾರಖಾನೆಯವರ ಸಂಗಡ ಕರಾರು ಮಾಡಿಕೊಂಡು, ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಹುಟ್ಟಿಸಿತು. ಕಾರಖಾನೆಗೆ ಬೇಕಾದ ನೀಲಗಿರಿ ಮರಗಳನ್ನು ಬೆಳೆಸುವದಕ್ಕಾಗಿ ಸುಮಾರು 30,000 ಹೆಕ್ಟೇರು, ಅಂದರೆ 75,000 ಎಕರೆಯಷ್ಟು ನೆಲವು ಇದಕ್ಕೆ ಗೊತ್ತುಮಾಡಲ್ಪಟ್ಟಿತು. ದಫ್ತರದಲ್ಲಿ ಆ ನೆಲವು ಸರಕಾರದ್ದು. ಆದರೆ ಊರ ದನಕುರಿಗಳು ಅಲ್ಲಿಯೇ ಮೇಯುತ್ತಿದ್ದವು; ಒಲೆಯ ಕಟ್ಟಿಗೆಯೂ ಅಲ್ಲಿಂದಲೇ ಬರುತ್ತಿತ್ತು. ನೀಲಗಿರಿಯ ಎಲೆಯನ್ನಾದರೋ ದನವು ಮುಟ್ಟುವದಿಲ್ಲ. ಹೊಲವುಳ್ಳವನಿಗೆ ಕಣಿಕೆಯಾದರೂ ಇರುವದು. ಒಂದು ಎಮ್ಮೆಯನ್ನೂ ಎರಡು ಆಡುಗಳನ್ನೂ ಸಾಕಿ ಬದುಕುವ ಬಡವಿಗೆ ಗಾಯರಾಣವೇ ಹೊಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯದವರೂ, ಡಾ. ಶಿವರಾಮ ಕಾರಂತರೂ ಈ ವಿಷಯವಾಗಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1987ರಲ್ಲಿ ತಡೆಯಾಜ್ಞೆಯೂ ಆಯಿತು. ಅದೇ ವರುಷ ನವೆಂಬರ 14ರಂದು, ಕರಾರಿಗೆ ಮೂರು ವರುಷ ತುಂಬಿದ ದಿವಸ, ಹಾನಗಲ್ಲ ತಾಲೂಕಿನ ಕುಸನೂರಲ್ಲಿ ಸುಮಾರು 2,000 ಜನರು ಕೂಡಿದರು. ಈ ಊರು ಈಗ ಹಾವೇರಿ ಜಿಲ್ಲೆಯದು. ಆಗ ನಮ್ಮ ಧಾರವಾಡ ಜಿಲ್ಲೆಯದು. ಅವರು ವಾದ್ಯಗಳೊಂದಿಗೆ ಮೆರವಣಿಗೆಯಾಗಿ ಹೋಗಿ, ಸುಮಾರು 100 ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಸ್ಥಳದಲ್ಲಿ ಹಣ್ಣನ್ನೂ ಮೇವನ್ನೂ ಕೊಡುವ ಗಿಡಗಳನ್ನು ನೆಟ್ಟರು. ಇದಕ್ಕೆ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹವೆಂದು ಹೆಸರು. 1991ರಲ್ಲಿ ಆ ಕಂಪನಿಯು ಮುಚ್ಚಲ್ಪಟ್ಟಿತು.

ಅಧಿಕಾರಿಗಳಿಗೆ ಒಳಗಾಗಿ ನಡೆಯಬೇಕೆಂದು ಕಲಿತ ನಾವು ಇಲ್ಲಿ ತಡವರಿಸುವದು ಸಹಜವೇ. ಕಾಯಿದೆಯ ಪ್ರಕಾರ ಕೊಡಲ್ಪಟ್ಟ ನೆಲದಲ್ಲಿ ಕೈಹಾಕುವದು ಕಳ್ಳತನವಲ್ಲವೋ ಎಂದು ಕೆಲವರು ಕೇಳುವರು. ಆದರೆ ಸರಕಾರವು ಇಂಥ ನೆಲಕ್ಕೆ ಯಜಮಾನನೋ, ಪಾರುಪತ್ಯಗಾರನೋ? ಯಜಮಾನನು ತನ್ನದನ್ನು ಮಾರಬಹುದು. ಪಾರುಪತ್ಯಗಾರನು ಯಾರಿಗಾಗಿ ಕಾಯುತ್ತಾನೋ ಅವರನ್ನು ಕೇಳದೆ ಕೊಡಲಾರನು. ಕಳ್ಳನು ರಾತ್ರಿಯಲ್ಲಿ ಕಿತ್ತು ಮನೆಗೆ ಒಯ್ಯುವನು, ಇವರಾದರೋ ಹಗಲಿನಲ್ಲಿ, ಎಲ್ಲರ ಕಣ್ಣೆದುರಿಗೆ ಕಿತ್ತರು, ಕಿತ್ತಲ್ಲಿಯೇ ನೆಟ್ಟರು. ಅಷ್ಟೇ ಅಲ್ಲ, ನೆಟ್ಟ ಗಿಡಗಳಿಗೆ ನೀರೆರೆದು ಕಾಯುವೆವೆಂದು ಪ್ರತಿಜ್ಞೆಮಾಡಿದ ಮೇಲೆಯೇ ಚದರಿದರು. ಅವರ ಹಕ್ಕಿನ ಬೇರು ಆ ಪ್ರತಿಜ್ಞೆಯಲ್ಲಿಯೇ ಇತ್ತೆಂದು ನನಗೆ ತೋರುತ್ತದೆ.

ಕಾಗದವೊಂದಿದ್ದರೆ ಸಾಕಾಗಿತ್ತು ಎನ್ನುವವರಿಗೆ ದೂರದೇಶದ ಒಂದು ದೃಷ್ಟಾಂತವನ್ನು ಹೇಳುವೆನು. ಉತ್ತರ ಅಮೇರಿಕಾದಲ್ಲಿ ಹೋಡೆನೊಶೋನಿ ಎಂಬ ಆರು ಕುಲಗಳ ಕೂಟವುಂಟು. ನಮ್ಮವರು ಅಕ್ಕಡಿ ಹಾಕುವಂತೆ, ಅವರ ಹೆಂಗಸರು ಗೋವಿನಜೋಳ, ಬೀನ್ಸು, ಕುಂಬಳಗಳನ್ನು ಕೂಡಿಸಿ ಬೆಳೆಯುತ್ತಿದ್ದರು. ಅವರಲ್ಲಿ ಒಂದು ಕುಲವಾದ ಸೆನೆಕಾ ಜನರ ನೆಲವು ಅವರದಾಗಿಯೇ ಉಳಿಯುವದೆಂದು 1794ರಲ್ಲಿ ಅಮೇರಿಕಾ ಸರಕಾರವು ಕರಾರುಪತ್ರ ಬರೆದುಕೊಟ್ಟಿತು. ಆದರೂ 1965ರಲ್ಲಿ ಮುಗಿದ ಕಿನ್‌ಜುವಾ ಅಣೆಕಟ್ಟಿನಿಂದ ಅವರ ಸುಮಾರು 10,000 ಎಕರೆ ನೆಲವು ನೀರುಪಾಲಾಯಿತು. ಕಾಗದವಿದ್ದವರೂ ಕಳಕೊಂಡರು, ಕಾಗದವಿಲ್ಲದ ಕುಸನೂರವರು ಒಂದಾಗಿ ನಿಂತು ಉಳಿಸಿಕೊಂಡರು. ಆದದರಿಂದ ಕಾಗದವು ವ್ಯರ್ಥವೆಂದು ತಿಳಿಯಬಾರದು. ಕಾಗದವು ಮಾತ್ರವೇ ಸಾಲದೆಂದು ತಿಳಿಯತಕ್ಕದ್ದು.

ಇಷ್ಟು ಹೇಳಿದ ಮೇಲೆ ನಮ್ಮನ್ನು ನಾವೇ ಕೇಳಿಕೊಳ್ಳತಕ್ಕ ಮಾತೊಂದುಂಟು. ಕಂಪನಿಯು ಸಾವಿರಾರು ಎಕರೆಗಳನ್ನು ಒಂದೇ ಸಾರಿ ಕೇಳಿತು. ಊರವರು ವರುಷಕ್ಕೊಂದು ಸಾಲಿನಂತೆ ಗಾಯರಾಣವನ್ನು ಉತ್ತುಕೊಂಡರೆ ಅದು ಬೇರೆ ಕೃತ್ಯವಾಗುವದೋ? ಬಡವಿಯ ಎಮ್ಮೆಗೆ ಮೇವು ತಪ್ಪಿದ ಮೇಲೆ, ಅದನ್ನು ತಪ್ಪಿಸಿದ್ದು ಕಾರಖಾನೆಯೋ ನೆರೆಯವನ ನೇಗಿಲೋ ಎಂಬದರಿಂದ ಅವಳಿಗೇನು ಭೇದ? ಎಲ್ಲರ ನೆಲವೆಂದು ಹೇಳುವವನು ಅದರ ಹುಲ್ಲನ್ನು ಮೇಯಿಸುವದರಲ್ಲಿ ಮಾತ್ರವಲ್ಲ, ಅದರ ಗಿಡಕ್ಕೆ ನೀರೆರೆಯುವದರಲ್ಲಿಯೂ ಪಾಲುಗಾರನಾಗಿರಲಿ. ಇನ್ನೂ ಹುಟ್ಟದಿರುವ ಮಕ್ಕಳ ದನಗಳು ಸಹ ಅಲ್ಲಿಯೇ ಮೇಯಬೇಕಾಗಿವೆ.