ಯಾರ ಒಲೆಯ ಕಟ್ಟಿಗೆ?

ಕಾಡು ಉಳಿಯಬೇಕಾದರೆ ಕಟ್ಟಿಗೆ ಸುಡಬೇಕು ಎಂದರೆ ಯಾರಿಗಾದರೂ ನಗು ಬಂದೀತು. ಜೀವರಾಶಿ ಇಂಧನದ ಪರ ಇರುವವರ ವಾದ ಮಾತ್ರ ಹೆಚ್ಚು ಕಡಿಮೆ ಅದೇ. ಬೆಳೆದಷ್ಟನ್ನೇ ಕಡಿಯಿರಿ, ಕಡಿದದ್ದು ಮತ್ತೆ ಚಿಗುರಲಿ. ಬೆಲೆಯಿರುವ ಮರವನ್ನು ಯಾರೂ ಬೇರುಸಹಿತ ಕಿತ್ತು ಹೊಲ ಮಾಡುವುದಿಲ್ಲ. ವಿಸ್ತಾರವಾದ ಕಾಡಿರುವ ದೇಶಗಳಲ್ಲಿ ಈ ಮಾತು ಒಪ್ಪುತ್ತದೆಯೇನೋ. ಯಾದಗಿರಿ, ಶಹಾಪುರ, ಸುರಪುರದ ಬಂಡೆಗುಡ್ಡಗಳ ನಡುವೆ ಅದನ್ನು ಇನ್ನೊಮ್ಮೆ ಕೇಳಿಕೊಳ್ಳಬೇಕಾಗುತ್ತದೆ.

ಇಲ್ಲಿ ಕಾಡೆಂದರೆ ಕಲ್ಲುಸಂದಿಯ ಕುರುಚಲು, ಮಳೆಗಾಲದಲ್ಲಷ್ಟೇ ಹಸಿರಾಗುವ ಹುಲ್ಲು, ಅಲ್ಲಲ್ಲಿ ಬನ್ನಿ, ಬೇವು. ಸರ್ಕಾರದ ಲೆಕ್ಕದಲ್ಲಿ ಇಂಥ ನೆಲ ಬಹುಪಾಲು ‘ಪಾಳು’. ಕುರಿ ಕಾಯುವವರಿಗೆ ಅದು ಪಾಳಲ್ಲ, ತೋಳಕ್ಕೂ ಅಲ್ಲ.

ಇಂಥ ನೆಲವನ್ನು ಆಕ್ರಮಿಸಿದ್ದು ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ತಂದರು. ನೀರು, ಗೊಬ್ಬರ ಕೇಳುವುದಿಲ್ಲ. ಕಡಿದಷ್ಟೂ ಬುಡದಿಂದ ಚಿಗುರುತ್ತದೆ. ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಸುಸ್ಥಿರ ಇಂಧನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ಅದು ಒತ್ತಾಗಿ ಬೆಳೆದ ಕಡೆ ಹುಲ್ಲು ಏಳುವುದಿಲ್ಲ. ಸಸ್ಯಶಾಸ್ತ್ರಜ್ಞರು ಇದನ್ನೂ ಬನ್ನಿಯನ್ನೂ ಬಹುಕಾಲ ಒಂದೇ ಕುಲದಲ್ಲಿಟ್ಟಿದ್ದರು. ದಸರೆಯಲ್ಲಿ ಒಂದಕ್ಕೆ ಕೈ ಮುಗಿಯುತ್ತೇವೆ. ಇನ್ನೊಂದನ್ನು ಬೈಯುತ್ತಲೇ ಅದರ ಉರಿಯಲ್ಲಿ ಜೋಳದ ರೊಟ್ಟಿ ಸುಡುತ್ತೇವೆ. ಹಾಗೆ ಬೈಯುವಾಗ, ಕೆರೆಯಂಗಳದ ಜಾಲಿ ಒಲೆ ಸೇರಿದ ದಿನ ಗುಡ್ಡದ ಬನ್ನಿ ಕೊಡಲಿಯಿಂದ ತಪ್ಪಿಸಿಕೊಂಡಿತು ಎಂಬುದನ್ನು ಮರೆಯುತ್ತೇವೆ.

ಈಗ ಈ ಒಲೆಗೆ ದೊಡ್ಡ ಪೈಪೋಟಿಯೊಂದು ಹುಟ್ಟಿದೆ. ಕಲ್ಲಿದ್ದಲು ಸ್ಥಾವರಗಳು ಶೇ. 5ರಷ್ಟು ಜೀವರಾಶಿ ಉಂಡೆಗಳನ್ನು ಸೇರಿಸಿ ಉರಿಸಬೇಕೆಂದು ಕೇಂದ್ರ ಇಂಧನ ಸಚಿವಾಲಯ 2021ರಲ್ಲಿ ಹೇಳಿತು. ಕೃಷ್ಣೆಯ ದಂಡೆಯ ಶಕ್ತಿನಗರ ನಮಗೆ ದೂರವೇನಲ್ಲ. ಉಂಡೆಗೆ ಬೇಕಾದ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ನಮ್ಮ ಹೊಲಗಳಲ್ಲಿ ಬೇಕಾದಷ್ಟಿದೆ. ಅದನ್ನು ಹೊಲದಲ್ಲೇ ಸುಟ್ಟು ಹೊಗೆ ಮಾಡುವ ಬದಲು ಮಾರಿ ನಾಲ್ಕು ಕಾಸು ಪಡೆಯುವ ರೈತರನ್ನು ನಾನು ತಪ್ಪೆನ್ನಲಾರೆ. ಆದರೆ ಕಡತದಲ್ಲಿ ‘ಕೃಷಿ ತ್ಯಾಜ್ಯ’ ಎನಿಸಿಕೊಳ್ಳುವ ಅದೇ ಕಟ್ಟಿಗೆ ಊರಲ್ಲಿ ಬೇಲಿ, ತಡಿಕೆ, ಮತ್ತು ಹೊಲವಿಲ್ಲದವಳ ಒಲೆಯ ಪುಕ್ಕಟೆ ಉರುವಲು. ಮಾರಿದ ದುಡ್ಡು ಹೊಲದವರಿಗೆ ಹೋಗುತ್ತದೆ. ಉರುವಲು ಕಳೆದುಕೊಂಡವಳು ಗುಡ್ಡ ಹತ್ತುತ್ತಾಳೆ. ಆಮೇಲೆ ಗುಡ್ಡ ಬೋಳಾಯಿತೆಂದು ವರದಿ ಬರೆಯುವವರು ಅವಳ ತಲೆಯ ಮೇಲಿನ ಹೊರೆಯ ಫೋಟೊ ಹಾಕುತ್ತಾರೆ.

ಇದಕ್ಕಿಂತ ಬೇರೆ ದಾರಿಯೂ ನಮ್ಮ ರಾಜ್ಯದಲ್ಲೇ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ 1980ರ ದಶಕದ ಕೊನೆಗೆ ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯಿಂದ ಅನಿಲ ತೆಗೆದು ಕರೆಂಟ್ ಉತ್ಪಾದಿಸಿತು. ಕಟ್ಟಿಗೆಗೆಂದೇ ಊರಲ್ಲಿ ಮರ ಬೆಳೆಸಿದರು. ಕರೆಂಟೂ ಅದೇ ಊರಿನ ದೀಪಕ್ಕೆ, ಕುಡಿಯುವ ನೀರಿಗೆ. ಇಂಗಾಲದ ಲೆಕ್ಕದಲ್ಲಿ ಹೊಸಹಳ್ಳಿಗೂ ಶಕ್ತಿನಗರದ ಉಂಡೆಗೂ ಅಂಥ ವ್ಯತ್ಯಾಸ ಕಾಣದಿರಬಹುದು. ಮರ ಕಡಿಯುವವರೂ ಬೆಳಕು ಪಡೆಯುವವರೂ ಒಂದೇ ಊರಿನವರಾಗಿದ್ದರೆ, ಎಷ್ಟು ಕಡಿಯಬೇಕೆಂದು ಕೂತು ಮಾತಾಡಬಹುದು. ನನಗೆ ಮುಖ್ಯವಾಗಿ ಕಾಣುವುದು ಆ ವ್ಯತ್ಯಾಸ.

ಹಾಗಾದರೆ ಜಾಲಿಯನ್ನೇ ಕಡಿದು ಬಾಯ್ಲರಿಗೆ ಕಳಿಸೋಣ, ಹುಲ್ಲೂ ಬಂದೀತು ಎನ್ನುವವರಿದ್ದಾರೆ. ಬುಡ ಕೀಳದೆ ಹುಲ್ಲು ಬರುವುದಿಲ್ಲ. ಬುಡ ಕಿತ್ತರೆ ಬಾಯ್ಲರಿಗೆ ಮುಂದಿನ ವರ್ಷದ ಕಟ್ಟಿಗೆಯಿಲ್ಲ. ಕಾಯಂ ಪೂರೈಕೆಯ ಕರಾರು ಬರೆದವರಿಗೆ ಜಾಲಿ ಉಳಿಯಲೇಬೇಕು. ಅದನ್ನು ಕಿತ್ತ ಜಾಗದಲ್ಲಿ ಅವಳ ಒಲೆಗೆ ಏನು ಕೊಡುತ್ತೇವೆ ಎಂಬುದು ಆ ಕರಾರಿನ ಯಾವ ಪುಟದಲ್ಲೂ ಇರುವುದಿಲ್ಲ.