ಕೆಂಪು ಕಣದ ಕಾಯಕ, ತಾಯಂದಿರ ಪ್ರಸಾದ



ಶರಣರು ಕಾಯವನ್ನು ಹಳಿಯಲಿಲ್ಲ. ಕಾಯವಿದ್ದರೆ ಕಾಯಕ, ಕಾಯಕವಿದ್ದರೆ ದಾಸೋಹ ಎಂಬುದನ್ನು ನಡೆದು ತೋರಿದರು. ಇಷ್ಟಲಿಂಗ ಧರಿಸಿದ ಈ ಶರೀರದೊಳಗೆ ಏನು ನಡೆಯುತ್ತದೆಂದು ತಿಳಿಯುವುದೂ ಭಕ್ತರ ಕರ್ತವ್ಯವೇ ಸರಿ.

ನಮ್ಮ ಶರೀರ ಕೋಟ್ಯಂತರ ಜೀವಕೋಶಗಳಿಂದ ಆದದ್ದು. ಎಣಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನವು ರಕ್ತದ ಕೆಂಪು ಕಣಗಳು. ಎಲುಬಿನೊಳಗಿನ ಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕಣಗಳು ಹುಟ್ಟುತ್ತವೆ. ರಕ್ತಕ್ಕೆ ಇಳಿಯುವ ಮುಂಚೆ ಈ ಕಣ ತನ್ನ ಕೋಶಕೇಂದ್ರವನ್ನೇ ಹೊರಹಾಕಿ, ಹಿಮೋಗ್ಲೋಬಿನ್ ಹೊರಲು ಜಾಗ ಮಾಡಿಕೊಳ್ಳುತ್ತದೆ. ಪುಪ್ಪುಸದಿಂದ ಪ್ರಾಣವಾಯುವನ್ನು ಹೊತ್ತು ಮಿದುಳು, ಹೃದಯ, ಕೈಕಾಲುಗಳಿಗೆ ಮುಟ್ಟಿಸುತ್ತದೆ. ಆದರೆ ತನ್ನ ಶಕ್ತಿಗಾಗಿ ಆ ಪ್ರಾಣವಾಯುವನ್ನು ಒಂದಿಷ್ಟೂ ಬಳಸಿಕೊಳ್ಳುವುದಿಲ್ಲ! ಇದಕ್ಕಿಂತ ದೊಡ್ಡ ದಾಸೋಹ ಯಾವುದು?

ಸುಮಾರು 120 ದಿನ ದುಡಿದ ಮೇಲೆ ಗುಲ್ಮ, ಯಕೃತ್ತುಗಳಲ್ಲಿ ಅದು ಒಡೆಯುತ್ತದೆ. ಅದರ ಕಬ್ಬಿಣಾಂಶ ಮಾತ್ರ ವ್ಯರ್ಥವಾಗದು, ಹೊಸ ಕಣಕ್ಕೆ ಬಳಕೆಯಾಗುತ್ತದೆ. ದಿನಕ್ಕೆ 20 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಹೀಗೆ ಒಳಗೊಳಗೇ ತಿರುಗುತ್ತದೆ. ಆಹಾರದಿಂದ ಹೊಸದಾಗಿ ಜಮಾ ಆಗುವುದು 1-2 ಮಿಲಿಗ್ರಾಂ ಮಾತ್ರ. ವ್ಯಾಪಾರಸ್ಥರಿಗೆ ಇದು ಬೇಗ ತಿಳಿದೀತು: ಜಮಾ ಇಷ್ಟು ಕಡಿಮೆ ಇರುವಾಗ ಖರ್ಚು ಹೆಚ್ಚಾದರೆ ಖಾತೆ ಬರಿದಾಗದೆ ಇರುತ್ತದೆಯೆ?

ಹಾಗೆ ಬರಿದಾಗುತ್ತಿರುವುದು ನಮ್ಮ ತಾಯಂದಿರ ಖಾತೆ. ತಿಂಗಳ ಮುಟ್ಟಿನಲ್ಲಿ, ಬಸಿರು ಬಾಣಂತನದಲ್ಲಿ ಅವರಿಗೆ ಖರ್ಚು ಹೆಚ್ಚು. ಹೊಲದಲ್ಲಿ ಕಳೆ ತೆಗೆದು, ಮನೆಗೆ ಬಂದು ರೊಟ್ಟಿ ಬಡಿದು, ಎಲ್ಲರಿಗೂ ನೀಡಿ, ಉಳಿದದ್ದನ್ನು ಉಣ್ಣುವವರು ಅವರೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಕಂಡುಬಂದಿದೆ. ಏದುಸಿರು, ತಲೆಸುತ್ತು, ಬಿಳಚಿದ ಕಣ್ಣು ಇದರ ಲಕ್ಷಣಗಳು. ಇದನ್ನು ಸೋಮಾರಿತನವೆಂದು ಬೈಯುವ ಮನೆಗಳೂ ಉಂಟು. ಹೆರಿಗೆಯಲ್ಲಿ ಇದೇ ಪ್ರಾಣಕ್ಕೆ ಎರವಾಗಬಲ್ಲದು.

ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ರಜಸ್ಸೂತಕವೂ ಅದರಲ್ಲಿ ಒಂದು. ಆದ್ದರಿಂದ ಮುಟ್ಟಿನ ತೊಂದರೆಯನ್ನು ಮನೆಯಲ್ಲಿ ಮಾತನಾಡಲು ನಮಗೆ ನಾಚಿಕೆ ಏಕೆ?

ಸಜ್ಜೆ ರೊಟ್ಟಿ, ಕಡಲೆ, ಕಾಳು, ಸೊಪ್ಪು ತಪ್ಪದೆ ಇರಲಿ. ಕಾಳು ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಮೇಲೆ ಲಿಂಬೆ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೆ, ಊಟವಾದ ಕೂಡಲೆ ಚಹಾ ಬೇಡ. ಸರಕಾರಿ ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡಿಸಿರಿ. ಹಿಮೋಗ್ಲೋಬಿನ್ 12ಕ್ಕಿಂತ, ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ವೈದ್ಯರ ಮಾತಿನಂತೆ ನಡೆಯಿರಿ. ಕಬ್ಬಿಣದ ಗುಳಿಗೆ ಕೊಟ್ಟರೆ ಮಲ ಕಪ್ಪಾಯಿತೆಂದು ಹೆದರಿ ಅರ್ಧಕ್ಕೆ ಬಿಡಬೇಡಿರಿ.

ಮಠದ ದಾಸೋಹಕ್ಕೆ ಚೀಲಗಟ್ಟಲೆ ಜೋಳ ಕೊಡುವ ಕೈಗಳು ನಿಮ್ಮವು. ಆ ದಾಸೋಹ ಮನೆಯ ಅಡುಗೆಮನೆಯಿಂದಲೇ ಆರಂಭವಾಗಲಿ. ಬರುವ ಸೋಮವಾರದಿಂದ ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿರಿ. ಮೊದಲ ರೊಟ್ಟಿ ಮನೆಯ ತಾಯಿಯ ತಟ್ಟೆಗೆ ಬೀಳಲಿ.