ಸಂಬಳ ದುಬೈಯದ್ದು, ಕುರ್ಚಿ ಊರಿನದ್ದು

ಗಲ್ಫಿನ ಸಂಬಳ ನಮ್ಮ ಕರಾವಳಿಗೆ ಹೊಸದೇನಲ್ಲ. ಭಟ್ಕಳದಿಂದ ಮಂಗಳೂರಿನವರೆಗೆ ಎಷ್ಟೋ ಮನೆಗಳ ಹೆಂಚು ಇಳಿಸಿ ತಾರಸಿ ಹಾಕಿಸಿದ್ದು ಅದೇ ಸಂಬಳ. 2020ರ ಕೊರೋನಾ ಕಾಲದಲ್ಲಿ ಊರಿಗೆ ಮರಳಿದ ಕೆಲವರು ಅಲ್ಲಿಯ ಕಂಪೆನಿಯ ಲೆಕ್ಕಪತ್ರವನ್ನೋ ಕಂಪ್ಯೂಟರ್ ಕೆಲಸವನ್ನೋ ಮನೆಯಿಂದಲೇ ಮಾಡತೊಡಗಿದರು. ಈಗಲೂ ಹಾಗೆ ದುಡಿಯುವವರಿದ್ದಾರೆ. ಅವರ ಸಂಬಳದ ಬಗ್ಗೆ ಹೆಮ್ಮೆಯಿಂದ ಮಾತನಾಡುವ ನಾವು, ತೆರಿಗೆಯ ವಿಷಯ ಬಂದಾಗ ಮಾತು ಬದಲಿಸುತ್ತೇವೆ.

ದುಬೈಯಲ್ಲಿದ್ದಾಗ ಆತ ಸಂಬಳಕ್ಕೆ ತೆರಿಗೆ ಕಟ್ಟಲಿಲ್ಲ. ಅದರಲ್ಲಿ ತಪ್ಪೇನೂ ಇರಲಿಲ್ಲ. ಅಲ್ಲಿ ಸಂಬಳದ ಮೇಲೆ ತೆರಿಗೆಯೇ ಇಲ್ಲ. ಅನಿವಾಸಿ ಅಲ್ಲಿ ದುಡಿದು ಅಲ್ಲೇ ಪಡೆದ ಸಂಬಳವನ್ನು ಭಾರತವೂ ಕೇಳುವುದಿಲ್ಲ. ಆದರೆ ವರ್ಷದಲ್ಲಿ 182 ದಿನ ಊರಲ್ಲೇ ಕಳೆದವನು ಇಲ್ಲಿಯ ನಿವಾಸಿ. ಭಾರತ ಮತ್ತು ಯುಎಇ ನಡುವೆ 1992ರಲ್ಲಿ ಸಹಿಯಾದ ತೆರಿಗೆ ಒಪ್ಪಂದವೂ, ಇಲ್ಲಿಯೇ ವಾಸಿಸಿ ಇಲ್ಲಿಯೇ ಕೆಲಸ ಮಾಡುವವನ ಸಂಬಳದ ತೆರಿಗೆಯನ್ನು ಇಲ್ಲಿಗೇ ಬಿಟ್ಟಿದೆ.

ಇಲ್ಲಿಯ ನೌಕರನ ಪ್ರಾಮಾಣಿಕತೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ತೆರಿಗೆ ಮುರಿದುಕೊಂಡ ಮೇಲೆಯೇ ಸಂಬಳ ಅವನ ಕೈಗೆ ಬರುತ್ತದೆ. ದುಬೈಯ ಮಾಲೀಕ ಮುರಿಯುವುದಿಲ್ಲ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ಮುಂಗಡ ತೆರಿಗೆಯ ಕಂತನ್ನು ತಾನೇ ಲೆಕ್ಕ ಹಾಕಿ ಕಟ್ಟಬೇಕು. ಇಲ್ಲೇ ಸೈತಾನನಿಗೆ ಕೆಲಸ ಸಿಗುವುದು. ಸಂಬಳವನ್ನು ದುಬೈಯಲ್ಲೇ ಇರುವ ಅಣ್ಣನ ಖಾತೆಗೆ ಹಾಕಿಸಿದರಾಯಿತು, ಅಣ್ಣ ಅದನ್ನು ತಮ್ಮನಿಗೆ ಉಡುಗೊರೆಯೆಂದು ಕಳಿಸಿದರಾಯಿತು; ಒಡಹುಟ್ಟಿದವರ ಉಡುಗೊರೆಗೆ ತೆರಿಗೆಯಿಲ್ಲವಲ್ಲ! ತಮ್ಮ ಹಗಲಿಡೀ ದುಡಿದ ಹಣ ಅಣ್ಣನ ಉಡುಗೊರೆ ಹೇಗಾದೀತು? ತನ್ನ ಸುಳ್ಳಿಗೆ ಅಣ್ಣನ ಸಹಿಯನ್ನೂ ಪಡೆಯುವ ಈ ಉಪಾಯವನ್ನು ನಾವು ಜಾಣತನ ಎನ್ನುತ್ತೇವೆ.

ಸಂಬಳ ಸಣ್ಣದಾದರೆ ಈ ಸುಳ್ಳಿನ ಅಗತ್ಯವೇ ಇಲ್ಲ. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ ಸಂಬಳದಾರನಿಗೆ 12.75 ಲಕ್ಷ ರೂಪಾಯಿವರೆಗೆ ತೆರಿಗೆ ಬರುವುದಿಲ್ಲ. ವಿವರ ಸಲ್ಲಿಸಿದರೆ ಸಾಕು. ಹಾಗಾಗಿ ನಾವು ಮಾತಾಡುತ್ತಿರುವುದು ಅದಕ್ಕಿಂತ ಹೆಚ್ಚು ದುಡಿಯುವವರ ಬಗ್ಗೆ.

"ಸರಕಾರ ನಮಗೇನು ಕೊಟ್ಟಿದೆ?" ಎನ್ನುವವರಿದ್ದಾರೆ. ಆ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕಲಾಗದು. ವಿದೇಶಿ ಕಂಪೆನಿಗೆ ಮನೆಯಿಂದ ದುಡಿಯುವವನಿಗೆ ಸಾಮಾನ್ಯವಾಗಿ ಭವಿಷ್ಯ ನಿಧಿ ಇರುವುದಿಲ್ಲ, ಕೆಲಸ ಹೋದರೆ ಕೇಳುವವರಿಲ್ಲ. ಆದರೆ ಅವನ ಮನೆಯ ಹಿಂದಿನ ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸು ಕೊಳ್ಳುವ ಸೋಪಿನ ಬೆಲೆಯಲ್ಲೇ ತೆರಿಗೆ ಸೇರಿರುತ್ತದೆ. ಸರಕಾರ ಏನು ಕೊಟ್ಟಿತೆಂದು ಕೇಳಿ ಆಮೇಲೆ ಕೊಡುವ ಸವಲತ್ತು ಅವಳಿಗಿಲ್ಲ. ಅವಳ ಹೆರಿಗೆಯಾಗುವ ಸರಕಾರಿ ಆಸ್ಪತ್ರೆ ಯಾರ ದುಡ್ಡಿನಿಂದ ನಡೆಯಬೇಕು?

ಇನ್ನು ಕೆಲವರು ಝಕಾತನ್ನು ಮುಂದಿಡುತ್ತಾರೆ. ನೂರಕ್ಕೆ ಎರಡೂವರೆ ಕೊಡುತ್ತೇವಲ್ಲ, ಮತ್ತೇಕೆ ತೆರಿಗೆ? ಝಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಎಂಟು ವರ್ಗಗಳನ್ನು ಹೇಳಿದೆ. ಊರಿನ ರಸ್ತೆ, ಸೇತುವೆಗಳ ಖರ್ಚು ಬೇರೆ ಲೆಕ್ಕ. ಒಬ್ಬರ ಸಾಲ ತೀರಿಸಿ ಇನ್ನೊಬ್ಬರ ಸಾಲದ ಚೀಟಿ ಹರಿಯಲು ಬರುತ್ತದೆಯೇ?

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಅದೇ ಪದ ಕನ್ನಡದ ಕಚೇರಿ ಸೇರಿ, ತಪ್ಪು ಮಾಡಿದವನನ್ನು ಕೆಲಸದಿಂದ ದೂರ ಇಡುವ ಆದೇಶವಾಯಿತು. ಎರಡೂ ಶಾಲೆಗಳಲ್ಲಿ ಕಲಿತ ನಮಗೆ ಇದು ಸದಾ ತಮಾಷೆಯಾಗಿ ಕಾಣುತ್ತಿತ್ತು. ಮುರಿಯದೆ ಬಂದ ಸಂಬಳದಲ್ಲಿ ಊರಿನ ಪಾಲೂ ಸೇರಿಕೊಂಡಿರುತ್ತದೆ. ಅದು ಮೊದಲ ಅರ್ಥದ ಅಮಾನತ್.

ಉಡುಗೊರೆಯ ಉಪಾಯ ಹೂಡಿದವನು ಒಂದು ದಿನ ಮನೆ ಕಟ್ಟಲು ಹೊರಡುತ್ತಾನೆ. ಸಾಲ ಕೇಳಿದರೆ ಬ್ಯಾಂಕಿನವರು ಹಿಂದಿನ ವರ್ಷಗಳ ತೆರಿಗೆ ವಿವರ ತರಲು ಹೇಳುತ್ತಾರೆ. ಆಗ ಆತ ಲೆಕ್ಕಪರಿಶೋಧಕರ ಮುಂದೆ ಕೂತು, ತನ್ನ ಆದಾಯ ನಿಜವಾಗಿ ಎಷ್ಟೆಂದು ತೋರಿಸಿಕೊಡಿ ಎಂದು ಬೇಡಿಕೊಳ್ಳುತ್ತಾನೆ.